ಪಾಲಿಗನ್ ವಾಲೆಟ್‌ಗೆ ಹಣ ತುಂಬುವ ಬಗೆ: ಶುಲ್ಕ ಎಲ್ಲಿ ಕಡಿಮೆ, ಎಲ್ಲಿ ಅಲ್ಲ

ಕ್ರಿಪ್ಟೋ ವಾಲೆಟ್ ಎಂದು ಕರೆಯಲಾಗುವ ತಂತ್ರಾಂಶದೊಳಗೆ ಹಣವಾಗಲಿ ನಾಣ್ಯವಾಗಲಿ ಇರುವುದಿಲ್ಲ. ಅದರಲ್ಲಿರುವುದು ಖಾಸಗಿ ಕೀಲಿ ಎಂಬ ಒಂದು ಗುಟ್ಟಿನ ಸಂಖ್ಯೆ ಮಾತ್ರ. ಯಾವ ವಿಳಾಸದ ಹೆಸರಿನಲ್ಲಿ ಎಷ್ಟಿದೆ ಎಂಬ ಲೆಕ್ಕವೆಲ್ಲ ಇರುವುದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆ ಪುಸ್ತಕದಲ್ಲಿ, ಮತ್ತು ಆ ಪುಸ್ತಕದ ಪ್ರತಿಗಳು ಯಾವ ಒಬ್ಬನ ಹಿಡಿತಕ್ಕೂ ಸಿಗದಂತೆ ಹಲವು ದೇಶಗಳ ಕಂಪ್ಯೂಟರ್‌ಗಳಲ್ಲಿ ಹರಡಿಕೊಂಡಿರುತ್ತವೆ. ಆದ್ದರಿಂದ ವಾಲೆಟ್‌ಗೆ ಹಣ ತುಂಬುವುದೆಂದರೆ, ಆ ಪುಸ್ತಕದಲ್ಲಿ ತನ್ನ ವಿಳಾಸದ ಮುಂದೆ ಒಂದು ಜಮೆಯನ್ನು ಬರೆಸಿಕೊಳ್ಳುವುದು ಎಂದರ್ಥ. ಬರೆಯುವವರಿಗೆ ಕೂಲಿ ಕೊಡಬೇಕಾಗುತ್ತದೆ. ಆ ಕೂಲಿ ಕೆಲವು ಪುಸ್ತಕಗಳಲ್ಲಿ ನೂರಾರು ರೂಪಾಯಿಗೆ ಏರಿದ್ದುಂಟು, ಇನ್ನು ಕೆಲವುಗಳಲ್ಲಿ ಪೈಸೆಗಳಲ್ಲೇ ಮುಗಿಯುವುದುಂಟು. ಪೈಸೆಯ ಲೆಕ್ಕದ ಜಾಲಗಳಲ್ಲಿ ಭಾರತೀಯರೇ ಕಟ್ಟಿದ ಪಾಲಿಗನ್ ಪ್ರಮುಖವಾದುದು. ಕಡಿಮೆ ಶುಲ್ಕ ಎಂಬ ಮಾತು ಎಷ್ಟು ದೂರ ನಿಜ, ಎಲ್ಲಿಂದಾಚೆಗೆ ನಿಜವಲ್ಲ ಎಂಬುದನ್ನು ಪರೀಕ್ಷಿಸಲು ಅದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್ ಮತ್ತು ಅನುರಾಗ್ ಅರ್ಜುನ್ ಸೇರಿ ಮ್ಯಾಟಿಕ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಮಿಹೈಲೊ ಬೆಲಿಚ್ ಅನಂತರ ಕೂಡಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಕ್ರಿಪ್ಟೋಕಿಟೀಸ್ ಎಂಬ, ಬೆಕ್ಕಿನ ಚಿತ್ರಗಳನ್ನು ಕೊಂಡು ಮಾರುವ ಆಟವೊಂದು ಈಥಿರಿಯಂ ಎಂಬ ಬ್ಲಾಕ್‌ಚೈನ್ ಜಾಲವನ್ನೇ ಕಿಕ್ಕಿರಿಯುವಂತೆ ಮಾಡಿ, ಇಡೀ ಜಗತ್ತಿಗೆ ಒಂದೇ ಖಾತೆ ಪುಸ್ತಕ ಸಾಲದು ಎಂಬುದನ್ನು ತೋರಿಸಿಕೊಟ್ಟಿತ್ತು. ಈಥಿರಿಯಂನ ಪಕ್ಕದಲ್ಲೇ ಮತ್ತೊಂದು ಪುಸ್ತಕವನ್ನಿಟ್ಟು, ಸಣ್ಣಪುಟ್ಟ ನಮೂದುಗಳನ್ನೆಲ್ಲ ಅದರಲ್ಲಿ ವೇಗವಾಗಿ ಬರೆದು, ಅವುಗಳ ಸಾರಾಂಶವನ್ನು ಆಗಾಗ ಈಥಿರಿಯಂಗೆ ಒಪ್ಪಿಸುವುದು ಮ್ಯಾಟಿಕ್‌ನ ಉಪಾಯವಾಗಿತ್ತು. 2020ರಲ್ಲಿ ಜಾಲ ಕಾರ್ಯಾರಂಭ ಮಾಡಿತು, 2021ರ ಫೆಬ್ರವರಿಯಲ್ಲಿ ಪಾಲಿಗನ್ ಎಂಬ ಹೆಸರು ಪಡೆಯಿತು. 2024ರ ಸೆಪ್ಟೆಂಬರ್ 4ರಂದು ಅದರ ಮ್ಯಾಟಿಕ್ ನಾಣ್ಯದ ಬದಲು, ಒಂದಕ್ಕೆ ಒಂದರಂತೆ, ಪೋಲ್ ಎಂಬ ನಾಣ್ಯ ಬಂದಿತು. ಹಳೆಯ ಬರಹಗಳಲ್ಲಿ ಮ್ಯಾಟಿಕ್ ಬೇಕು ಎಂದಿರುವ ಕಡೆಯಲ್ಲೆಲ್ಲ ಈಗ ಪೋಲ್ ಎಂದು ಓದಿಕೊಳ್ಳಬೇಕು.

ಶುಲ್ಕದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಅಗ್ಗದ ಗುಟ್ಟೆಲ್ಲ ಅಡಗಿರುವುದು ಅಲ್ಲಿಯೇ. ಈಥಿರಿಯಂನಲ್ಲಿಯೂ ಅದರ ಮಾದರಿಯಲ್ಲಿ ಕಟ್ಟಿದ ಪಾಲಿಗನ್‌ನಲ್ಲಿಯೂ ಪ್ರತಿಯೊಂದು ಕೆಲಸದ ಶ್ರಮವನ್ನು ಗ್ಯಾಸ್ ಎಂಬ ಮಾನದಿಂದ ಅಳೆಯುತ್ತಾರೆ. ಜಾಲದ ಸ್ವಂತ ನಾಣ್ಯವನ್ನು ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳುಹಿಸಲು ಎರಡರಲ್ಲಿಯೂ 21,000 ಗ್ಯಾಸ್ ಬೇಕು. ಡಾಲರಿಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ನಂಥ ಟೋಕನ್ ಕಳುಹಿಸಲು ಸುಮಾರು 60,000 ಎಂದು ಇಟ್ಟುಕೊಳ್ಳಬಹುದು. ಪ್ರತಿ ಗ್ಯಾಸಿನ ದರವನ್ನು ಗ್ವೇ ಎಂಬ ಸೂಕ್ಷ್ಮ ನಾಣ್ಯಾಂಶದಲ್ಲಿ ಹೇಳುತ್ತಾರೆ. 100 ಕೋಟಿ ಗ್ವೇ ಕೂಡಿದರೆ ಒಂದು ಪೂರ್ಣ ನಾಣ್ಯ. ಈಗ ಎರಡೂ ಜಾಲಗಳಲ್ಲಿ ದರ 30 ಗ್ವೇ ಇದೆ ಎಂದು ಭಾವಿಸಿದರೆ, ಟೋಕನ್ ವರ್ಗಾವಣೆಗೆ ತಗಲುವುದು 18 ಲಕ್ಷ ಗ್ವೇ, ಅಂದರೆ 0.0018 ನಾಣ್ಯ. ಎರಡರಲ್ಲಿಯೂ ಅಂಕಿ ಒಂದೇ. ಆದರೆ ಈಥಿರಿಯಂನ ನಾಣ್ಯವಾದ ಈಥರ್‌ನ ಬೆಲೆ ಎರಡೂವರೆ ಲಕ್ಷ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಆ ಶುಲ್ಕ 450 ರೂಪಾಯಿಯಾಗುತ್ತದೆ, ಪೋಲ್‌ನ ಬೆಲೆ 20 ರೂಪಾಯಿ ಎಂದುಕೊಂಡರೆ ಅದೇ ಶುಲ್ಕ ಮೂರೂವರೆ ಪೈಸೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಾಲಿಗನ್ ಅಗ್ಗವಾಗಿರುವುದು ಅದರ ಯಂತ್ರ ಹೆಚ್ಚು ಜಾಣತನದಿಂದ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ ಮಾತ್ರವಲ್ಲ, ಅದರ ನಾಣ್ಯವೇ ಅಗ್ಗ ಎಂಬ ಕಾರಣಕ್ಕೂ ಹೌದು. ಈ ಎರಡನೆಯ ಕಾರಣವನ್ನು ಜಾಹೀರಾತುಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮೊದಲನೆಯ ಕಾರಣವೂ ಇಲ್ಲದಿಲ್ಲ. ಈಥಿರಿಯಂನಲ್ಲಿ ನಮೂದುಗಳನ್ನು ದೃಢೀಕರಿಸುವ ವ್ಯಾಲಿಡೇಟರ್‌ಗಳು ಲಕ್ಷಗಟ್ಟಲೆ ಇದ್ದು, 12 ಸೆಕೆಂಡಿಗೊಮ್ಮೆ ಒಂದು ಪುಟ, ಅಂದರೆ ಬ್ಲಾಕ್, ಸೇರಿಕೊಳ್ಳುತ್ತದೆ. ಪಾಲಿಗನ್‌ನಲ್ಲಿ ವ್ಯಾಲಿಡೇಟರ್‌ಗಳು ನೂರರ ಆಸುಪಾಸಿನಲ್ಲಿದ್ದು, ಸುಮಾರು ಎರಡು ಸೆಕೆಂಡಿಗೊಂದು ಬ್ಲಾಕ್ ಸಿದ್ಧವಾಗುತ್ತದೆ. ಕೆಲವೇ ಜನ ಬರೆದರೆ ಬರಹ ಬೇಗ ಸಾಗುತ್ತದೆ, ನಿಜ. ಆದರೆ ಆ ಕೆಲವರು ಎಡವಿದರೆ ಇಡೀ ಪುಸ್ತಕ ನಿಲ್ಲುತ್ತದೆ. 2022ರ ಮಾರ್ಚ್‌ನಲ್ಲಿ ತಂತ್ರಾಂಶದ ಪರಿಷ್ಕರಣೆಯೊಂದರ ದೋಷದಿಂದ ಪಾಲಿಗನ್ ಹಲವು ಗಂಟೆಗಳ ಕಾಲ ಸ್ತಬ್ಧವಾಗಿತ್ತು. 2023ರ ಫೆಬ್ರವರಿಯಲ್ಲಿ 157 ಬ್ಲಾಕ್‌ಗಳಷ್ಟು ಉದ್ದದ ಬರಹ ಹಿಂದೆ ಸರಿದು, ಬೇರೆ ಸಾಲುಗಳು ಅದರ ಜಾಗಕ್ಕೆ ಬಂದವು. ಹಣ ಬಂತೆಂದು ವಾಲೆಟ್ ತೋರಿಸಿದ ಮೇಲೂ ಎಕ್ಸ್‌ಚೇಂಜ್‌ಗಳು, ಅಂದರೆ ಕ್ರಿಪ್ಟೋ ಕೊಳ್ಳುವ ಮತ್ತು ಮಾರುವ ಪೇಟೆಗಳು, ಕೆಲವು ನಿಮಿಷ ಕಾಯಿಸುತ್ತಿದ್ದುದಕ್ಕೆ ಇದೇ ಹಿನ್ನೆಲೆ.

ಶುಲ್ಕ ಅತಿ ಕಡಿಮೆಯಾದರೆ ಅದಕ್ಕೂ ಒಂದು ರೋಗ ತಗಲುತ್ತದೆ. 2021ರವರೆಗೆ ಪಾಲಿಗನ್‌ನ ಕನಿಷ್ಠ ದರ ಕೇವಲ 1 ಗ್ವೇ ಇತ್ತು. ಹೆಚ್ಚುಕಡಿಮೆ ಪುಕ್ಕಟೆಯಾದ ಈ ಸೌಲಭ್ಯದಿಂದ ಕಸದ ವಹಿವಾಟುಗಳು ತುಂಬಿಕೊಂಡಾಗ, ಅವನ್ನು ತಡೆಯಲೆಂದೇ ಆ ವರ್ಷ ಅದನ್ನು 30 ಗ್ವೇಗೆ ಏರಿಸಲಾಯಿತು. ಮರುವರ್ಷದ ಜನವರಿಯಲ್ಲಿ ಸನ್‌ಫ್ಲವರ್ ಫಾರ್ಮರ್ಸ್ ಎಂಬ ಆಟದಲ್ಲಿ ಪರದೆಯ ಮೇಲೆ ಸೂರ್ಯಕಾಂತಿ ಬಿತ್ತಿ ಕೊಯ್ಯುವವರ, ಅವರಿಗಿಂತ ಹೆಚ್ಚಾಗಿ ಅವರ ಪರವಾಗಿ ಬಿತ್ತುವ ತಂತ್ರಾಂಶಗಳ, ನೂಕುನುಗ್ಗಲಿನಿಂದ ದರ ನೂರಾರು ಗ್ವೇಗೆ ಜಿಗಿಯಿತು. ಕಾಗದದಲ್ಲಿಲ್ಲದ ಹೊಲಕ್ಕೂ ಬೀಜದ ಖರ್ಚಿಗಿಂತ ಸಾಗಣೆಯ ಖರ್ಚು ಹೆಚ್ಚಾದ ವಿಚಿತ್ರ ಪ್ರಸಂಗವದು. ಆಗಲೂ ರೂಪಾಯಿಯ ಲೆಕ್ಕದಲ್ಲಿ ಪಾಲಿಗನ್ ಈಥಿರಿಯಂಗಿಂತ ಅಗ್ಗವಾಗಿಯೇ ಇತ್ತು ಎಂಬುದನ್ನು ಮರೆಯಬಾರದು. ಸಣ್ಣ ಮೌಲ್ಯದ ನಮೂದುಗಳಿಗೆ ಈ ಅಗ್ಗ ಎಷ್ಟು ಮುಖ್ಯ ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯ ಉದಾಹರಣೆಯಿದೆ: ಅಲ್ಲಿ 2022ರಲ್ಲಿ ಸುಮಾರು 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗನ್‌ನಲ್ಲಿ ದಾಖಲಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿತು.

ಇನ್ನು ವಾಲೆಟ್ ತೆರೆಯುವ ವಿಷಯ. ಮೆಟಾಮಾಸ್ಕ್‌ನಂಥ ವಾಲೆಟ್ ಮೊದಲ ಬಾರಿ ತೆರೆದಾಗ ಸಾಮಾನ್ಯವಾಗಿ 12 ಇಂಗ್ಲಿಷ್ ಪದಗಳ ಒಂದು ಸಾಲನ್ನು ಕೊಡುತ್ತದೆ. 2,048 ಪದಗಳ ನಿಗದಿತ ಪಟ್ಟಿಯೊಂದರಿಂದ ಯಾದೃಚ್ಛಿಕವಾಗಿ ಆಯ್ದ ಈ ಸಾಲಿನಿಂದಲೇ ಖಾಸಗಿ ಕೀಲಿ ಹುಟ್ಟುತ್ತದೆ. ಈ ಸಾಲು ಯಾರ ಕೈಯಲ್ಲಿದೆಯೋ ಹಣ ಅವರದು. ಬ್ಯಾಂಕಿನ ಪಾಸ್‌ವರ್ಡ್ ಮರೆತಾಗ ಹೊಸದನ್ನು ಕೊಡುವ ಶಾಖೆ ಇಲ್ಲಿಲ್ಲ. ಅದನ್ನು ಕಾಗದದ ಮೇಲೆ ಕೈಯಿಂದ ಬರೆದಿಡಬೇಕೇ ಹೊರತು, ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದಾಗಲಿ ವಾಟ್ಸ್‌ಆ್ಯಪ್‌ನಲ್ಲಿ ತನಗೇ ಕಳುಹಿಸಿಕೊಳ್ಳುವುದಾಗಲಿ ಕೂಡದು. ಕೀಲಿಯಿಂದ ವಿಳಾಸ ಹುಟ್ಟುತ್ತದೆ: ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಆರಂಭವಾಗಿ, ಅನಂತರ 40 ಅಕ್ಷರಾಂಕಗಳಿರುವ ಒಂದು ಸಾಲು. ಈ ವಿಳಾಸ ಈಥಿರಿಯಂನಲ್ಲಿಯೂ ಪಾಲಿಗನ್‌ನಲ್ಲಿಯೂ ಒಂದೇ ಆಗಿರುತ್ತದೆ, ಆದರೆ ಎರಡು ಪುಸ್ತಕಗಳಲ್ಲಿರುವ ಶಿಲ್ಕು ಬೇರೆ ಬೇರೆ. ಈಥಿರಿಯಂಗೆ 1, ಪಾಲಿಗನ್‌ಗೆ 137 ಎಂದು ಪ್ರತಿ ಜಾಲಕ್ಕೂ ಒಂದು ಗುರುತಿನ ಸಂಖ್ಯೆಯಿದ್ದು, ವಾಲೆಟ್ ಯಾವ ಪುಸ್ತಕವನ್ನು ಓದುತ್ತಿದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಹಣ ಕಾಣೆಯಾಯಿತು ಎಂಬ ಗಾಬರಿಗಳಲ್ಲಿ ಒಂದು ದೊಡ್ಡ ಪಾಲು, ವಾಲೆಟ್ ಈಥಿರಿಯಂ ಪುಟವನ್ನು ತೋರಿಸುತ್ತಿರುವಾಗ ಪಾಲಿಗನ್ ಪುಟದಲ್ಲಿ ಬಿದ್ದ ಜಮೆಯನ್ನು ಹುಡುಕುವುದರಿಂದ ಹುಟ್ಟುವಂಥದು.

ಹಣ ತುಂಬುವವರು ಎದುರಿಸುವ ಮೊದಲ ತೊಡಕು ಎಂಥದೆಂದರೆ, ಜಾಲದ ಶುಲ್ಕವನ್ನು ಜಾಲದ ಸ್ವಂತ ನಾಣ್ಯದಲ್ಲೇ ಕೊಡಬೇಕು. ವಾಲೆಟ್‌ನಲ್ಲಿ 1,000 ಡಾಲರ್ ಮೌಲ್ಯದ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್ ಇದ್ದು, ಪೋಲ್ ಒಂದು ಕಾಸೂ ಇಲ್ಲದಿದ್ದರೆ, ಆ ಸಾವಿರ ಡಾಲರ್ ಕದಲುವುದಿಲ್ಲ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಐನೂರರ ನೋಟು ಹಿಡಿದು ನಿಂತವರಿಗೆ ಕಂಡಕ್ಟರ್ ಚಿಲ್ಲರೆ ಕೇಳುವ ಸನ್ನಿವೇಶ ಅದು, ಬಸ್ಸಿನೊಳಗೆ ಚಿಲ್ಲರೆ ಕೊಡುವ ಸಹಪ್ರಯಾಣಿಕರು ಮಾತ್ರ ಇಲ್ಲಿ ಇರುವುದಿಲ್ಲ. ಯುಎಸ್‌ಡಿಸಿಯನ್ನೇ ಸ್ವಲ್ಪ ಮಾರಿ ಪೋಲ್ ಕೊಳ್ಳೋಣವೆಂದರೆ ಆ ಮಾರಾಟಕ್ಕೂ ಪೋಲ್ ಬೇಕು. ಆದ್ದರಿಂದ ವಾಲೆಟ್‌ಗೆ ಮೊದಲು ಬರಬೇಕಾದುದು ಪೋಲ್, ಉಳಿದದ್ದು ಆಮೇಲೆ. ಮೊತ್ತ ದೊಡ್ಡದೇನೂ ಬೇಡ. ಮೇಲಿನ ಲೆಕ್ಕದಲ್ಲಿ ಒಂದೇ ಪೋಲ್ 500ಕ್ಕೂ ಹೆಚ್ಚು ಟೋಕನ್ ವರ್ಗಾವಣೆಗಳಿಗೆ ಸಾಕು, ಟೋಕನ್ ಅದಲುಬದಲಿನಂಥ ಹೆಚ್ಚು ಗ್ಯಾಸ್ ಬೇಡುವ ಕೆಲಸಗಳಿಗೂ ನಾಲ್ಕೈದು ಪೋಲ್ ಬಹುಕಾಲ ಬರುತ್ತದೆ. 2023ರ ಮಾರ್ಚ್‌ನಿಂದ ಈಥಿರಿಯಂ ಬಳಗದ ಜಾಲಗಳಲ್ಲಿ ಬಳಕೆಗೆ ಬಂದ ಹೊಸ ಬಗೆಯ ಖಾತೆಗಳಲ್ಲಿ ಶುಲ್ಕವನ್ನು ಬಳಕೆದಾರರ ಪರವಾಗಿ ಇನ್ನೊಬ್ಬರು ಕಟ್ಟುವ, ಇಲ್ಲವೇ ಸ್ಟೇಬಲ್‌ಕಾಯಿನ್‌ನಲ್ಲೇ ವಸೂಲು ಮಾಡಿಕೊಳ್ಳುವ ವ್ಯವಸ್ಥೆಯಿದೆ. ಆದರೆ ಸಾಮಾನ್ಯ ವಾಲೆಟ್ ತೆರೆದವರು ಅದನ್ನು ನೆಚ್ಚಿಕೊಂಡಿರುವಂತಿಲ್ಲ.

ಪೋಲ್ ಎಲ್ಲಿಂದ ಬರಬೇಕು? ಭಾರತದಲ್ಲಿ ಇದಕ್ಕೆ ಎಕ್ಸ್‌ಚೇಂಜ್‌ಗಳೇ ಹೆಬ್ಬಾಗಿಲು, ಮತ್ತು ಆ ಬಾಗಿಲಿನ ಚರಿತ್ರೆ ಏರುಪೇರಿನದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆಯೊಂದರ ಮೂಲಕ, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ನೀಡಬಾರದೆಂದು ವಿಧಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಈ ನಡುವೆ, 2018ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಮಾಲ್ ಒಂದರಲ್ಲಿ ಯುನೊಕಾಯಿನ್ ಸಂಸ್ಥೆ ಇರಿಸಿದ್ದ ಕ್ರಿಪ್ಟೋ ಎಟಿಎಂ ಅನ್ನು ಪೊಲೀಸರು ವಶಪಡಿಸಿಕೊಂಡ ಪ್ರಕರಣ ದೇಶದ ಗಮನ ಸೆಳೆದಿತ್ತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಕಾಯಿನ್‌ಬೇಸ್ ಯುಪಿಐ ಮೂಲಕ ಕ್ರಿಪ್ಟೋ ಕೊಳ್ಳುವ ಸೌಲಭ್ಯವನ್ನು ಭಾರತದಲ್ಲಿ ಪ್ರಕಟಿಸಿದ ಕೂಡಲೇ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಯಾವ ಕ್ರಿಪ್ಟೋ ಎಕ್ಸ್‌ಚೇಂಜ್ ಯುಪಿಐ ಬಳಸುತ್ತಿರುವುದೂ ತನಗೆ ತಿಳಿದಿಲ್ಲವೆಂದು ಹೇಳಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಆ ಸೌಲಭ್ಯ ನಿಂತುಹೋಯಿತು. 2023ರ ಮಾರ್ಚ್‌ನಲ್ಲಿ ಈ ಉದ್ಯಮವನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದು, ಎಕ್ಸ್‌ಚೇಂಜ್‌ಗಳು ಆರ್ಥಿಕ ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಲಾಯಿತು. ಹಾಗೆ ಮಾಡದ ಒಂಬತ್ತು ವಿದೇಶಿ ಸಂಸ್ಥೆಗಳಿಗೆ ಅದೇ ಡಿಸೆಂಬರ್‌ನಲ್ಲಿ ನೋಟಿಸು ಹೋಯಿತು. ನೋಂದಣಿ ಇದೆಯೇ ಎಂದು ನೋಡುವುದು ಆದ್ದರಿಂದ ಮೊದಲ ಕೆಲಸ. ಎರಡನೆಯದು, ಕೊಂಡ ನಾಣ್ಯವನ್ನು ತನ್ನ ವಾಲೆಟ್‌ಗೆ ಕಳುಹಿಸಿಕೊಳ್ಳಲು ಆ ಎಕ್ಸ್‌ಚೇಂಜ್ ಬಿಡುತ್ತದೆಯೇ ಎಂದು ರೂಪಾಯಿ ಹಾಕುವ ಮುನ್ನವೇ ತಿಳಿದುಕೊಳ್ಳುವುದು. ಒಳಗೆ ಕೊಳ್ಳಲು, ಮಾರಲು ಅವಕಾಶವಿದ್ದೂ ಹೊರಗೆ ಒಯ್ಯಲು ಅವಕಾಶವಿಲ್ಲದ ಆ್ಯಪ್‌ಗಳೂ ಇವೆ.

ಹೊರಗೆ ಕಳುಹಿಸುವ ಪರದೆಯಲ್ಲಿ ಮೂರು ಖಾನೆಗಳಿರುತ್ತವೆ: ವಿಳಾಸ, ಜಾಲ, ಮೊತ್ತ. ವಿಳಾಸವನ್ನು ಎಂದೂ ಕೈಯಿಂದ ಟೈಪ್ ಮಾಡದೆ ವಾಲೆಟ್‌ನಿಂದ ನಕಲು ಮಾಡಿ ಅಂಟಿಸುವುದು ಎಲ್ಲರಿಗೂ ತಿಳಿದ ನಿಯಮ. ಎಡವುವುದು ನಡುವಿನ ಖಾನೆಯಲ್ಲಿ. ಪೋಲ್ ಕೊಂಡವರು ಹೊರಗೊಯ್ಯುವಾಗ ಜಾಲದ ಪಟ್ಟಿಯಲ್ಲಿ ಈಥಿರಿಯಂ ಕೂಡ ಕಾಣಿಸುತ್ತದೆ, ಏಕೆಂದರೆ ಪೋಲ್ ಈಥಿರಿಯಂ ಪುಸ್ತಕದಲ್ಲಿಯೂ ಒಂದು ಟೋಕನ್ನಾಗಿ ಇದೆ. ಹೆಸರು ನೋಡಿ ಅದನ್ನೇ ಆಯ್ದರೆ, ಪೋಲ್ ಸರಿಯಾದ ವಿಳಾಸಕ್ಕೆ ಬರುತ್ತದೆ, ಆದರೆ ಬೇರೆ ಪುಸ್ತಕದಲ್ಲಿ. ಅಲ್ಲಿರುವ ಪೋಲ್‌ನಿಂದ ಪಾಲಿಗನ್‌ನ ಶುಲ್ಕ ತೆರಲಾಗದು, ಮತ್ತು ಅದನ್ನು ಅಲ್ಲಿಂದ ಕದಲಿಸಬೇಕಾದರೆ ಈಥರ್ ಬೇಕು. ನೂರು ರೂಪಾಯಿಯ ಪೋಲ್ ಅನ್ನು ಸರಿಯಾದ ಜಾಲಕ್ಕೆ ತರಲು ಅದಕ್ಕಿಂತ ಹೆಚ್ಚಿನ ಈಥರ್ ಸುಡುವ ಪರಿಸ್ಥಿತಿ ಹೀಗೆ ಒದಗುತ್ತದೆ. ಇದರ ವಿಲೋಮವಾದ ತಪ್ಪು ಇನ್ನೂ ಕಠಿಣ: ತನ್ನ ವಾಲೆಟ್‌ನಿಂದ ಎಕ್ಸ್‌ಚೇಂಜಿಗೆ ಹಿಂದಿರುಗಿಸುವಾಗ, ಆ ಎಕ್ಸ್‌ಚೇಂಜ್ ಒಪ್ಪದ ಜಾಲದ ಮೂಲಕ ಕಳುಹಿಸಿದರೆ, ಕೀಲಿ ಇರುವುದು ಎಕ್ಸ್‌ಚೇಂಜಿನ ಕೈಯಲ್ಲಾದ್ದರಿಂದ, ಅದು ಮನಸ್ಸು ಮಾಡಿದರೆ ಮಾತ್ರ ಹಣ ಮರಳುತ್ತದೆ. ಸ್ವಂತ ವಾಲೆಟ್‌ಗೆ ತಪ್ಪು ಜಾಲದಲ್ಲಿ ಬಂದದ್ದು ಸಿಕ್ಕಿಬಿದ್ದಿರುತ್ತದೆಯೇ ಹೊರತು ಕಳೆದುಹೋಗಿರುವುದಿಲ್ಲ.

ಮೂರನೆಯ ಖಾನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹೊರಗೊಯ್ಯುವ ಶುಲ್ಕ ಎಂದು ಬರೆದಿರುತ್ತದೆ. ಇದನ್ನು ಜಾಲದ ಶುಲ್ಕವೆಂದು ಭಾವಿಸುವವರು ಬಹಳ. ಆದರೆ ಇದು ಎಕ್ಸ್‌ಚೇಂಜ್ ತಾನೇ ಗೊತ್ತುಪಡಿಸಿದ ದರ. ಜಾಲ ಮೂರು ಪೈಸೆ ಕೇಳುವಲ್ಲಿ ಎಕ್ಸ್‌ಚೇಂಜ್ ಅದರ ಹಲವು ಪಟ್ಟನ್ನು ವಿಧಿಸಲು ಯಾವ ಅಡ್ಡಿಯೂ ಇಲ್ಲ, ಮತ್ತು ಮೊತ್ತ ಎಷ್ಟೇ ಇರಲಿ ಈ ದರ ಸಾಮಾನ್ಯವಾಗಿ ಸ್ಥಿರವಾಗಿರುವುದರಿಂದ ಅದರ ಹೊಡೆತ ಸಣ್ಣ ಮೊತ್ತ ತುಂಬುವವರಿಗೇ ಹೆಚ್ಚು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ, ಎಕ್ಸ್‌ಚೇಂಜಿನ ದಲ್ಲಾಳಿ ಶುಲ್ಕ, ಅದರ ಮೇಲೆ ಬೀಳುವ ಜಿಎಸ್‌ಟಿ ಇವನ್ನೆಲ್ಲ ಕೂಡಿಸಿದರೆ ಪಾಲಿಗನ್‌ನ ಪೈಸೆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಮೊದಲು ಸಣ್ಣ ಮೊತ್ತ ಕಳುಹಿಸಿ ನೋಡಿ, ಅದು ತಲುಪಿದ ಮೇಲೆ ಉಳಿದುದನ್ನು ಕಳುಹಿಸಬೇಕೆಂಬ ಹಳೆಯ ಬುದ್ಧಿಮಾತು ಸರಿಯಾದದ್ದೇ. ಆದರೆ ಅದಕ್ಕೆ ಸ್ಥಿರ ಶುಲ್ಕವನ್ನು ಎರಡು ಬಾರಿ ತೆರಬೇಕಾಗುವುದರಿಂದ, ದೊಡ್ಡ ಮೊತ್ತಕ್ಕೆ ಮಾತ್ರ ಅದು ಲಾಭದ ಎಚ್ಚರಿಕೆ. ಪೋಲ್ ಮೊದಲು ಬರಬೇಕಾದುದರಿಂದ, ಅದನ್ನೇ ಪ್ರಯೋಗದ ಕಂತಾಗಿ ಕಳುಹಿಸಿದರೆ ಒಂದೇ ಶುಲ್ಕದಲ್ಲಿ ಎರಡೂ ಕೆಲಸ ಆಗುತ್ತದೆ.

ಸ್ಟೇಬಲ್‌ಕಾಯಿನ್‌ನಲ್ಲಿ ಮತ್ತೊಂದು ಗೊಂದಲವುಂಟು. ಪಾಲಿಗನ್‌ನಲ್ಲಿ ಬಹುಕಾಲ ಯುಎಸ್‌ಡಿಸಿ ಎಂದು ಓಡಾಡುತ್ತಿದ್ದುದು, ಈಥಿರಿಯಂನಲ್ಲಿ ಒತ್ತೆಯಿಟ್ಟ ಅಸಲಿಗೆ ಪ್ರತಿಯಾಗಿ ಇಲ್ಲಿ ಹುಟ್ಟಿಸಿದ ಪ್ರತಿನಿಧಿ ಟೋಕನ್. 2023ರ ಅಕ್ಟೋಬರ್‌ನಲ್ಲಿ ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಸಂಸ್ಥೆ ನೇರವಾಗಿ ಪಾಲಿಗನ್‌ನಲ್ಲೇ ಅಸಲಿಯನ್ನು ಹೊರಡಿಸತೊಡಗಿತು. ಹಳೆಯದಕ್ಕೆ ಚುಕ್ಕೆ ಇಟ್ಟು ಇ ಅಕ್ಷರ ಸೇರಿಸಿದ ಹೆಸರು ಉಳಿಯಿತು. ಎರಡರ ಬೆಲೆಯೂ ಡಾಲರೇ ಆದರೂ ಒಂದನ್ನು ಒಪ್ಪುವ ಎಕ್ಸ್‌ಚೇಂಜ್ ಇನ್ನೊಂದನ್ನು ಒಪ್ಪದಿರಬಹುದು.

ಈಗಾಗಲೇ ಈಥಿರಿಯಂನಲ್ಲಿ ಹಣವಿರುವವರು ಎಕ್ಸ್‌ಚೇಂಜನ್ನು ಬಿಟ್ಟು ಬ್ರಿಡ್ಜ್ ಎಂಬ ಸೇತುವೆಯ ಮೂಲಕ ಅದನ್ನು ಪಾಲಿಗನ್‌ಗೆ ದಾಟಿಸಬಹುದು. ಸೇತುವೆ ಎಂದರೆ, ಒಂದು ದಡದಲ್ಲಿ ಟೋಕನ್‌ಗೆ ಬೀಗ ಹಾಕಿ, ಇನ್ನೊಂದು ದಡದಲ್ಲಿ ಅದರ ಪ್ರತಿನಿಧಿಯನ್ನು ಬಿಡುಗಡೆ ಮಾಡುವ ಕರಾರು ತಂತ್ರಾಂಶ. ಹೋಗುವಾಗ ಈಥಿರಿಯಂ ಶುಲ್ಕ ತೆರಬೇಕು. ಪಾಲಿಗನ್‌ನ ಅಧಿಕೃತ ಸೇತುವೆಯಲ್ಲಿ ಹಿಂದಿರುಗುವಾಗ ಲೆಕ್ಕದ ಸಾರಾಂಶ ಈಥಿರಿಯಂ ತಲುಪುವವರೆಗೆ ಕಾದು, ಆ ದಡದಲ್ಲಿ ಮತ್ತೊಮ್ಮೆ ಈಥರ್ ತೆತ್ತು ಬಿಡಿಸಿಕೊಳ್ಳಬೇಕು. ಅಗ್ಗದ ಜಾಲಕ್ಕೆ ಹೋಗುವ ದಾರಿ ದುಬಾರಿ ಜಾಲದ ಅಂಗಳದ ಮೂಲಕವೇ ಹಾದುಹೋಗುವುದರಿಂದ ಎರಡು ಮೂರು ಸಾವಿರ ರೂಪಾಯಿಯ ಮೊತ್ತಕ್ಕೆ ಇದು ಹೇಳಿಮಾಡಿಸಿದ ನಷ್ಟ. ಬೀಗ ಹಾಕಿದ ರಾಶಿ ಒಂದೇ ಕಡೆ ಇರುವುದರಿಂದ ಕಳ್ಳರ ಕಣ್ಣೂ ಸೇತುವೆಗಳ ಮೇಲೆಯೇ. 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಜಾಲದ ಸೇತುವೆಯಿಂದ 60 ಕೋಟಿ ಡಾಲರಿಗೂ ಹೆಚ್ಚು ಹಣ ಕಳುವಾದುದು ಇದಕ್ಕೆ ಸಾಕ್ಷಿ. ಅದು ಪಾಲಿಗನ್‌ನ ಸೇತುವೆಯಲ್ಲ, ಆದರೆ ಅಪಾಯದ ಸ್ವರೂಪ ಬೇರೆಯಲ್ಲ.

ತೆರಿಗೆಯ ವಿಷಯಕ್ಕೆ ಬಂದರೆ ಶುಲ್ಕದ ಚರ್ಚೆಯ ಪ್ರಮಾಣವೇ ಬದಲಾಗುತ್ತದೆ. ಕಾನೂನಿನ ಭಾಷೆಯಲ್ಲಿ ಕ್ರಿಪ್ಟೋಗೆ ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಹೆಸರು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅದರ ವರ್ಗಾವಣೆಯ ಲಾಭಕ್ಕೆ ಶೇಕಡ 30ರ ತೆರಿಗೆ, ಅದರ ಮೇಲೆ ಸೆಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ, ವಾರ್ಷಿಕ ಮಿತಿಗಳನ್ನು ದಾಟಿದ ವರ್ಗಾವಣೆಗಳ ಮೇಲೆ ಶೇಕಡ 1ರ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತ, ಸೇರಿಕೊಂಡಿತು. ರೂಪಾಯಿ ಕೊಟ್ಟು ಪೋಲ್ ಕೊಳ್ಳುವವರಿಗೆ ಈ ಕಡಿತ ತಟ್ಟುವುದಿಲ್ಲ, ಅದು ಮಾರುವವರ ಪಾಲಿನದು. ಆದರೆ ಮೊದಲು ಸ್ಟೇಬಲ್‌ಕಾಯಿನ್ ಕೊಂಡು, ಎಕ್ಸ್‌ಚೇಂಜಿನಲ್ಲೇ ಅದನ್ನು ಪೋಲ್‌ಗೆ ಬದಲಿಸಿಕೊಳ್ಳುವವರು ಆ ಬದಲಾವಣೆಯಲ್ಲಿ ತಾವೂ ಮಾರುವವರೇ ಆಗುತ್ತಾರೆ. 10,000 ರೂಪಾಯಿಯ ಅದಲುಬದಲಿಗೆ ಕಡಿತ 100 ರೂಪಾಯಿ. ಪಾಲಿಗನ್‌ನಲ್ಲಿ ಅದೇ ಮೊತ್ತವನ್ನು ಕದಲಿಸುವ ಶುಲ್ಕ ಮೇಲಿನ ಲೆಕ್ಕದಂತೆ ಮೂರು ನಾಲ್ಕು ಪೈಸೆ. ಕಡಿತವಾದದ್ದನ್ನು ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದಾದರೂ, ಅಲ್ಲಿಯವರೆಗೆ ಅದು ಕೈಯಲ್ಲಿರುವುದಿಲ್ಲ. ಆದ್ದರಿಂದ ಬೇಕಾದ ನಾಣ್ಯವನ್ನು ನೇರವಾಗಿ ರೂಪಾಯಿಯಿಂದಲೇ ಕೊಳ್ಳುವುದು, ಸುತ್ತುದಾರಿಯ ಅದಲುಬದಲು ತಪ್ಪಿಸುವುದು ಮೇಲು. ಅಗ್ಗದ ಜಾಲವನ್ನು ಆರಿಸಿಕೊಳ್ಳುವುದರಿಂದ ಆಗುವ ಉಳಿತಾಯಕ್ಕಿಂತ ಇದರಿಂದ ಆಗುವ ಉಳಿತಾಯ ಹಲವೊಮ್ಮೆ ದೊಡ್ಡದು.

ಹಣ ತಲುಪಿದ ಮೇಲೆ ಅಗ್ಗದ ಜಾಲದ್ದೇ ಆದ ಉಪದ್ರವ ಶುರುವಾಗುತ್ತದೆ. ಕಳುಹಿಸುವ ಖರ್ಚು ಪೈಸೆಯಾಗಿರುವಲ್ಲಿ ಮೋಸಗಾರರಿಗೂ ಅದು ಪೈಸೆಯೇ. ಕೇಳದ ಟೋಕನ್‌ಗಳು ವಾಲೆಟ್‌ನಲ್ಲಿ ಬಂದು ಬೀಳುತ್ತವೆ, ಅವುಗಳ ಹೆಸರಿನಲ್ಲೇ ಬಹುಮಾನದ ಆಮಿಷವೊಂದು ಸೇರಿರುತ್ತದೆ; ಅದನ್ನು ಹಿಂಬಾಲಿಸಿ ಹೋದವರಿಂದ ತಮ್ಮ ಅಸಲಿ ಟೋಕನ್‌ಗಳ ಮೇಲಿನ ಅಧಿಕಾರಕ್ಕೆ ಸಹಿ ಹಾಕಿಸಿಕೊಳ್ಳುವುದು ಉದ್ದೇಶ. ಇದಕ್ಕಿಂತ ನವಿರಾದುದು ವಿಳಾಸದ ವಿಷಪ್ರಾಶನ. ವಾಲೆಟ್ ಪರದೆಯಲ್ಲಿ 40 ಅಕ್ಷರಾಂಕಗಳ ಪೈಕಿ ಮೊದಲ ಮತ್ತು ಕೊನೆಯ ನಾಲ್ಕೈದು ಮಾತ್ರ ಕಾಣಿಸುತ್ತವೆ. ಅವೆರಡೂ ತುದಿ ಹೊಂದುವಂತೆ ಮೋಸಗಾರ ಒಂದು ವಿಳಾಸವನ್ನು ಕಂಪ್ಯೂಟರಿನಿಂದ ಸೃಷ್ಟಿಸಿ, ಅಲ್ಲಿಂದ ಸೊನ್ನೆಗೆ ಸಮೀಪದ ಮೊತ್ತವನ್ನು ಕಳುಹಿಸಿ, ವಹಿವಾಟಿನ ಪಟ್ಟಿಯಲ್ಲಿ ಪರಿಚಿತ ವಿಳಾಸದ ಪಕ್ಕದಲ್ಲಿ ಕೂರುತ್ತಾನೆ. ಮುಂದಿನ ಬಾರಿ ಪಟ್ಟಿಯಿಂದ ವಿಳಾಸ ನಕಲು ಮಾಡುವವರು ಅವನದನ್ನು ಎತ್ತಿಕೊಂಡರೆ ಅವನ ಕೆಲಸವಾಯಿತು. 2024ರ ಮೇ ತಿಂಗಳಿನಲ್ಲಿ ಈಥಿರಿಯಂನಲ್ಲಿ ಒಬ್ಬರು ಹೀಗೆ ಸುಮಾರು 6.8 ಕೋಟಿ ಡಾಲರ್ ಕಳುಹಿಸಿಬಿಟ್ಟರು. ಅದೃಷ್ಟವಶಾತ್ ಆ ಹಣದ ಬಹುಪಾಲು ಮರಳಿತು. ಶುಲ್ಕ ಹೆಚ್ಚಿರುವ ಜಾಲದಲ್ಲಿಯೇ ಹೀಗಾದರೆ, ಲಕ್ಷ ವಿಳಾಸಗಳಿಗೆ ಇಂಥ ಗಾಳ ಎಸೆಯಲು ಕೆಲವು ಸಾವಿರ ರೂಪಾಯಿ ಸಾಕಾಗುವ ಜಾಲದಲ್ಲಿ ಪಟ್ಟಿಯನ್ನು ನಂಬುವಂತೆಯೇ ಇಲ್ಲ. ವಿಳಾಸವನ್ನು ಯಾವಾಗಲೂ ಅದರ ಮೂಲದಿಂದಲೇ, ಅಂದರೆ ಎಕ್ಸ್‌ಚೇಂಜಿನ ಜಮೆ ಪುಟದಿಂದ ಅಥವಾ ಹಣ ಪಡೆಯುವವರಿಂದ ನೇರವಾಗಿ, ತೆಗೆದುಕೊಳ್ಳಬೇಕು.

ಇಷ್ಟೆಲ್ಲ ತೊಂದರೆಯಿದ್ದರೆ ನಾಣ್ಯವನ್ನು ಎಕ್ಸ್‌ಚೇಂಜಿನಲ್ಲಿಯೇ ಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಅಲ್ಲಿ ಬಿಟ್ಟದ್ದು ಎಕ್ಸ್‌ಚೇಂಜಿನ ಕೀಲಿಯಡಿ ಇರುತ್ತದೆ; 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾದಾಗ ಗ್ರಾಹಕರು ತಮ್ಮ ಹಣ ತೆಗೆಯಲಾಗದೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಾಗೆಂದು ಸ್ವಂತ ವಾಲೆಟ್ ಎಲ್ಲರಿಗೂ ಹೆಚ್ಚು ಸುರಕ್ಷಿತವೆನ್ನಲಾಗದು. 12 ಪದಗಳ ಕಾಗದವನ್ನು ಜೋಪಾನ ಮಾಡಲಾರದವರಿಗೆ ಎಕ್ಸ್‌ಚೇಂಜಿನ ಅಪಾಯವೇ ಚಿಕ್ಕದಿರಬಹುದು.

ಬೆಂಗಳೂರಿನಲ್ಲಿ 2018ರಿಂದ ಹಲವು ಬಾರಿ ನಡೆದಿರುವ ಈಟಿಎಚ್‌ಇಂಡಿಯಾ ಎಂಬ ಹ್ಯಾಕಥಾನ್‌ಗೆ ಬರುವ ವಿದ್ಯಾರ್ಥಿಗಳ ಹಾದಿಯನ್ನು ಇತರರೂ ಹಿಡಿಯಬಹುದು. ಅವರು ಅಸಲಿ ಜಾಲಕ್ಕೆ ಕೈ ಹಾಕುವ ಮುನ್ನ ಟೆಸ್ಟ್‌ನೆಟ್, ಅಂದರೆ ಅಭ್ಯಾಸದ ಜಾಲ, ಬಳಸುತ್ತಾರೆ. ಪಾಲಿಗನ್‌ನ ಅಭ್ಯಾಸ ಜಾಲಕ್ಕೆ ಮುಂಬೈ ಎಂಬ ಹೆಸರಿತ್ತು. 2024ರಲ್ಲಿ ಅದು ಮುಚ್ಚಿ ಅಮೋಯ್ ಎಂಬುದು ಅದರ ಜಾಗಕ್ಕೆ ಬಂದಿದೆ. ಅದರ ಪೋಲ್‌ಗೆ ಬೆಲೆಯಿಲ್ಲ, ಫಾಸೆಟ್ ಎಂಬ ನಲ್ಲಿ ಪುಟಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಜಾಲ ಬದಲಿಸುವುದು, ಕಳುಹಿಸುವುದು, ಶುಲ್ಕ ಸಾಲದೆ ವಹಿವಾಟು ನಿಂತರೆ ಪರದೆ ಹೇಗೆ ಕಾಣುತ್ತದೆ ಎಂಬುದನ್ನು ನೋಡುವುದು ಇವೆಲ್ಲವನ್ನೂ ರೂಪಾಯಿ ಕಳೆದುಕೊಳ್ಳದೆ ಅಲ್ಲಿ ಕಲಿಯಬಹುದು. ಅಭ್ಯಾಸದ ನಾಣ್ಯವನ್ನು ಬೆಲೆಗೆ ಮಾರಲು ಬರುವವರು ಮೋಸಗಾರರೇ.

ಹಿಂದಿರುಗುವ ದಾರಿಯನ್ನು ತುಂಬುವಾಗಲೇ ಯೋಚಿಸಿಟ್ಟುಕೊಳ್ಳಬೇಕಾಗುತ್ತದೆ. ಎಕ್ಸ್‌ಚೇಂಜ್ ಬಿಟ್ಟು ಅಪರಿಚಿತರಿಗೆ ನೇರವಾಗಿ ಕ್ರಿಪ್ಟೋ ಮಾರಿ ಬ್ಯಾಂಕಿಗೆ ರೂಪಾಯಿ ಪಡೆಯುವವರ ಖಾತೆಗೆ ವಂಚನೆಯ ಹಣ ಹರಿದುಬಂದರೆ, ಸೈಬರ್ ಪೊಲೀಸರ ಸೂಚನೆಯಂತೆ ಆ ಖಾತೆ ಸ್ಥಗಿತಗೊಳ್ಳುತ್ತದೆ, ಬಿಡಿಸಿಕೊಳ್ಳಲು ಬೇರೆ ರಾಜ್ಯದ ಠಾಣೆಯವರೆಗೂ ಅಲೆಯಬೇಕಾಗಬಹುದು. ಆದ್ದರಿಂದ ಯಾವ ಎಕ್ಸ್‌ಚೇಂಜಿನಿಂದ ಬಂದಿತೋ ಅದಕ್ಕೇ, ಅದು ಒಪ್ಪುವ ಜಾಲದಲ್ಲೇ, ಹಿಂದಿರುಗಿಸುವುದು ನೇರವಾದ ಕ್ರಮ. ತಾವೇ ವಂಚನೆಗೆ ಒಳಗಾದವರಿಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ತಡಮಾಡಿದಷ್ಟೂ ಹಣ ಸಿಗುವ ಸಾಧ್ಯತೆ ಕ್ಷೀಣ. ವಾಲೆಟ್ ಬರಿದು ಮಾಡುವಾಗ ಸ್ಟೇಬಲ್‌ಕಾಯಿನ್ ಮತ್ತಿತರ ಟೋಕನ್‌ಗಳನ್ನು ಮೊದಲು ಕಳುಹಿಸಿ, ಪೋಲ್ ಅನ್ನು ಕೊನೆಗೆ ಕಳುಹಿಸಬೇಕು; ಕ್ರಮ ತಲೆಕೆಳಗಾದರೆ, ಟೋಕನ್‌ಗಳು ಕದಲಲಾರದೆ ಉಳಿದು, ಒಂದೆರಡು ರೂಪಾಯಿಯ ಪೋಲ್‌ಗಾಗಿ ಎಕ್ಸ್‌ಚೇಂಜಿನ ಸ್ಥಿರ ಶುಲ್ಕವನ್ನು ಇನ್ನೊಮ್ಮೆ ತೆರಬೇಕಾಗುತ್ತದೆ.